ಒಂದು ತೋಳು, ಎರಡು ಕೆಲಸ

2007ರ ಅಕ್ಟೋಬರ್ 5ರ ರಾತ್ರಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಆ ತಿಂಗಳಿಗೆ ಹೊಂದದ ಸೆಕೆಯಿತ್ತು. ಜೇಕಬ್ಸ್ ಫೀಲ್ಡ್ ಬೇಸ್‌ಬಾಲ್ ಮೈದಾನದ ಸನಿಹದಲ್ಲೇ ಈರೀ ಸರೋವರ. ಪಂದ್ಯ ಎಂಟನೆಯ ಇನಿಂಗ್ಸ್‌ಗೆ ಬರುವ ಹೊತ್ತಿಗೆ ಸರೋವರದ ಕಡೆಯಿಂದ ನೊರಜುಗಳ ಹಿಂಡು ದೀಪದ ಬೆಳಕಿಗೆ ಎದ್ದು ಬಂತು. ನ್ಯೂಯಾರ್ಕ್ ಯಾಂಕೀಸ್ ತಂಡ 1-0ಯಿಂದ ಮುಂದಿತ್ತು. ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ 22 ವರ್ಷದ ಜೋಬಾ ಚೇಂಬರ್ಲೇನ್ ಇದ್ದ. ಬೆವರಿದ ಕುತ್ತಿಗೆ, ಕಿವಿ, ಕಣ್ಣಿನ ರೆಪ್ಪೆಗಳಿಗೆಲ್ಲ ಹುಳುಗಳು ಮೆತ್ತಿಕೊಂಡವು. ತಂಡದ ಟ್ರೇನರ್ ಜೀನ್ ಮೊನಹನ್ ಓಡಿಬಂದು ಸೊಳ್ಳೆ ಓಡಿಸುವ ದ್ರಾವಣವನ್ನು ಮೈತುಂಬ ಸಿಂಪಡಿಸಿದರು. ಒದ್ದೆಯಾದ ಚರ್ಮಕ್ಕೆ ಹುಳುಗಳು ಇನ್ನಷ್ಟು ಅಂಟಿದವು.

ಆ ಇನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ಒಂದು ಹಿಟ್ಟನ್ನೂ ಹೊಡೆಯಲಿಲ್ಲ. ಆದರೂ ರನ್ ಬಂತು. ಮೊದಲ ಬ್ಯಾಟರ್ ಗ್ರೇಡಿ ಸೈಜ್‌ಮೋರ್ ನಾಲ್ಕು ಕೆಟ್ಟ ಎಸೆತಗಳ ಫಲವಾಗಿ ನಡೆದುಕೊಂಡೇ ಮೊದಲ ಬೇಸ್ ಸೇರಿದ. ಒಂದು ಎಸೆತ ಕ್ಯಾಚರ್‌ನನ್ನು ತಪ್ಪಿಸಿ ಹಿಂದಕ್ಕೆ ಉರುಳಿದಾಗ ಎರಡನೆಯ ಬೇಸ್‌ಗೆ ಓಡಿದ. ಮುಂದಿನ ಬ್ಯಾಟರ್ ಮೆಲ್ಲಗೆ ತಟ್ಟಿದ ಬಂಟ್ ಅವನನ್ನು ಮೂರನೆಯದಕ್ಕೆ ದಾಟಿಸಿತು. ಮತ್ತೊಂದು ಎಸೆತ ಅದೇ ರೀತಿ ಕೈತಪ್ಪಿದಾಗ ಹೋಮ್ ಪ್ಲೇಟ್ ತಲುಪಿದ. 1-1. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಯಾಂಕೀಸ್ ಸೋತಿತು, ಕೆಲವು ದಿನಗಳಲ್ಲಿ ಪ್ಲೇಆಫ್ ಸರಣಿಯನ್ನೂ ಕಳೆದುಕೊಂಡಿತು. ಹನ್ನೆರಡು ವರ್ಷ ತಂಡವನ್ನು ನಡೆಸಿದ್ದ ಮ್ಯಾನೇಜರ್ ಜೋ ಟೊರೆ ಯಾಂಕೀಸ್ ಬಿಟ್ಟರು. ಹುಳುಗಳು ಮುತ್ತಿದ ಹೊತ್ತಿನಲ್ಲಿ ಆಟ ನಿಲ್ಲಿಸಿ ಹುಡುಗರನ್ನು ಒಳಗೆ ಕರೆದುಕೊಳ್ಳಬೇಕಿತ್ತು ಎಂಬ ಕೊರಗು ಅವರಿಗೆ ಉಳಿಯಿತು.

ಈ ರಾತ್ರಿಯನ್ನು ನೆನೆಯುವವರೆಲ್ಲ ಜೋಬಾನ ಮುಖದ ಮೇಲಿನ ಹುಳುಗಳನ್ನೇ ನೆನೆಯುತ್ತಾರೆ. ನನ್ನ ಮನಸ್ಸು ಹೋಗುವುದು ಅದೇ ದಿಬ್ಬದ ಮೇಲೆ ಅದೇ ಹುಳುಗಳ ನಡುವೆ ನಿಂತಿದ್ದ ಇನ್ನೊಬ್ಬನ ಕಡೆಗೆ. ಕ್ಲೀವ್‌ಲ್ಯಾಂಡ್‌ನ ಫೌಸ್ಟೊ ಕಾರ್ಮೋನಾ ಅಂದು ಒಂಬತ್ತೂ ಇನಿಂಗ್ಸ್ ಒಬ್ಬನೇ ಎಸೆದ, ಬಿಟ್ಟುಕೊಟ್ಟಿದ್ದು ಒಂದೇ ರನ್. ಹಿಂದಿನ ವರ್ಷ ಇದೇ ಕಾರ್ಮೋನಾನನ್ನು ಅವನ ತಂಡ ಪಂದ್ಯದ ಕೊನೆಯಲ್ಲಿ ಎಸೆಯುವ ಕೆಲಸಕ್ಕೆ ಹಚ್ಚಿತ್ತು. ಕೈಯಲ್ಲಿದ್ದ ಪಂದ್ಯಗಳು ಒಂದರ ಹಿಂದೊಂದು ಕೊನೆಯ ಗಳಿಗೆಯಲ್ಲಿ ಜಾರಿ, ಆ ವರ್ಷ ಅವನ ಹೆಸರಿನಲ್ಲಿ ಉಳಿದದ್ದು 1 ಗೆಲುವು, 10 ಸೋಲು. ಕೆಲಸ ಬದಲಿಸಿ ಪಂದ್ಯದ ಮೊದಲಿಗೇ ಚೆಂಡು ಕೊಟ್ಟಾಗ 2007ರಲ್ಲಿ 19 ಗೆದ್ದ, 8 ಸೋತ. ಅವನ ನಿಜವಾದ ಹೆಸರು ರಾಬರ್ಟೊ ಹೆರ್ನಾಂಡೆಸ್, ವಯಸ್ಸು ಹೇಳಿದ್ದಕ್ಕಿಂತ ಮೂರು ವರ್ಷ ಹೆಚ್ಚು ಎಂಬುದು 2012ರಲ್ಲಿ ಬಯಲಾಯಿತು, ಅದು ಬೇರೆ ಕಥೆ. ಆ ರಾತ್ರಿಯ ಮಟ್ಟಿಗೆ, ತನ್ನ ಕೆಲಸ ಯಾವುದೆಂದು ಗೊತ್ತಾದವನೊಬ್ಬ, ಇನ್ನೂ ಗೊತ್ತಾಗದವನೊಬ್ಬ ಎದುರುಬದುರು ಎಸೆದರು.

ಕ್ರಿಕೆಟ್ ಬಲ್ಲವರಿಗೆ ಇಲ್ಲಿ ನಾಲ್ಕು ಮಾತು ಬೇಕು. ಬೇಸ್‌ಬಾಲ್‌ನಲ್ಲಿ ಓವರು ಮುಗಿಯಿತೆಂದು ಬೌಲರ್ ಬದಲಾಗುವುದಿಲ್ಲ. ಒಬ್ಬ ಪಿಚರ್ ದಣಿಯುವವರೆಗೆ ಅಥವಾ ಏಟು ತಿನ್ನುವವರೆಗೆ ಎಸೆಯುತ್ತಲೇ ಇರುತ್ತಾನೆ; ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳಿ ಬರುವಂತಿಲ್ಲ. ಪಂದ್ಯ ಆರಂಭಿಸುವವನು ಸ್ಟಾರ್ಟರ್. ಈಗಿನ ಪದ್ಧತಿಯಲ್ಲಿ ಐದು ದಿನಕ್ಕೊಮ್ಮೆ ಬರುತ್ತಾನೆ, ನೂರರ ಆಸುಪಾಸು ಎಸೆತ ಹಾಕುತ್ತಾನೆ, ಎದುರಾಳಿಯ ಒಂಬತ್ತು ಬ್ಯಾಟರ್‌ಗಳನ್ನು ಎರಡು ಮೂರು ಸುತ್ತು ಎದುರಿಸುತ್ತಾನೆ. ಒಂದೇ ಬ್ಯಾಟರ್‌ಗೆ ಮೂರನೆಯ ಬಾರಿ ಎಸೆಯುವಾಗ ಮೊದಲೆರಡು ಬಾರಿ ತೋರಿಸಿದ್ದು ಸಾಲದು. ಆದ್ದರಿಂದ ಅವನ ಕೈಯಲ್ಲಿ ಕನಿಷ್ಠ ಮೂರು ಬಗೆಯ ಎಸೆತ ಇರಬೇಕು. ನಂತರ ಬರುವವನು ರಿಲೀವರ್. ಮೈದಾನದ ಅಂಚಿನಲ್ಲಿ ಬುಲ್‌ಪೆನ್ ಎಂಬ ಆವರಣದಲ್ಲಿ ಕಾದಿದ್ದು, ಕರೆ ಬಂದಾಗ ಬಂದು, ಇದ್ದ ಬಲವನ್ನೆಲ್ಲ ಒಂದೇ ಇನಿಂಗ್ಸ್‌ಗೆ ಸುರಿದು ಹೋಗುತ್ತಾನೆ. ಅವನಿಗೆ ಎರಡು ಎಸೆತ ಸಾಕು. ಗೆಲ್ಲುತ್ತಿರುವ ಪಂದ್ಯದ ಕೊನೆಯ ಇನಿಂಗ್ಸ್‌ಗೆ ಬೀಗ ಹಾಕುವವನು ಕ್ಲೋಸರ್. ಒಳ್ಳೆಯ ಸ್ಟಾರ್ಟರ್ ವರ್ಷಕ್ಕೆ 200 ಇನಿಂಗ್ಸ್‌ವರೆಗೆ ಹೊರುತ್ತಾನೆ, ಕ್ಲೋಸರ್ ಎಪ್ಪತ್ತರ ಒಳಗೆ. ಹಾಗಾಗಿ ಬಲವಾದ ತೋಳಿನ ಹುಡುಗನೊಬ್ಬ ಸಿಕ್ಕರೆ ಅವನನ್ನು ಸ್ಟಾರ್ಟರ್ ಮಾಡಲು ಎಲ್ಲರಿಗೂ ಆಸೆ. ಆದರೆ ಇಪ್ಪತ್ತೊಂದು ಇಪ್ಪತ್ತೆರಡರ ತೋಳಿಗೆ 200 ಇನಿಂಗ್ಸ್ ಹೊರಿಸಿದರೆ ಮೊಣಕೈಯೋ ಭುಜವೋ ಕೈಕೊಡುವ ಭಯ. ಈ ಆಸೆ ಮತ್ತು ಭಯಗಳ ಎಳೆದಾಟ ಅರ್ಧ ಶತಮಾನದಿಂದ ನಡೆದಿದೆ.

ಅದಕ್ಕೆ ಒಂದು ಉತ್ತರವನ್ನು ಕಂಡುಕೊಂಡವರು ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಅರ್ಲ್ ವೀವರ್. 1968ರಲ್ಲಿ ಮ್ಯಾನೇಜರ್ ಆದವರು 1982ರವರೆಗೆ ಬಿಡದೆ ಆ ತಂಡವನ್ನು ನಡೆಸಿದರು. ಗಿಡ್ಡ ಆಳು, ಅಂಪೈರ್‌ಗಳ ಜೊತೆ ಮೂಗಿಗೆ ಮೂಗು ತಾಗಿಸಿ ಜಗಳಕ್ಕೆ ನಿಲ್ಲುವ ಮನುಷ್ಯ. 1971ರಲ್ಲಿ ಅವರ ತಂಡದ ನಾಲ್ವರು ಸ್ಟಾರ್ಟರ್‌ಗಳು, ಜಿಮ್ ಪಾಮರ್, ಮೈಕ್ ಕ್ವೆಯರ್, ಡೇವ್ ಮೆಕ್‌ನ್ಯಾಲಿ, ಪ್ಯಾಟ್ ಡಾಬ್ಸನ್, ತಲಾ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಪಂದ್ಯ ಗೆದ್ದಿದ್ದರು. ಇಂಥ ನಾಲ್ವರಿರುವಾಗ ಹೊಸ ಹುಡುಗನಿಗೆ ಜಾಗ ಎಲ್ಲಿ? ವೀವರ್ ಅವನನ್ನು ಬುಲ್‌ಪೆನ್‌ನಲ್ಲಿ ಕೂರಿಸುತ್ತಿದ್ದರು, ಆದರೆ ಕೊನೆಯ ಇನಿಂಗ್ಸ್‌ಗಲ್ಲ. ಸ್ಟಾರ್ಟರ್ ಎರಡನೆಯದರಲ್ಲೋ ಮೂರನೆಯದರಲ್ಲೋ ಕುಸಿದು ತಂಡ ಆರು ರನ್ ಹಿಂದೆ ಬಿದ್ದಾಗ, ಮುಂದಿನ ಮೂರು ನಾಲ್ಕು ಇನಿಂಗ್ಸ್ ಎಸೆಯಲು. ಸೋತರೆ ಅವನ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ದೊಡ್ಡ ಬ್ಯಾಟರ್‌ಗಳನ್ನು ಎದುರಿಸಿದ ಅನುಭವವಾಗುತ್ತದೆ, ತನ್ನ ಮೂರನೆಯ ಎಸೆತವನ್ನೂ ಅಲ್ಲಿ ಧೈರ್ಯವಾಗಿ ಹಾಕಿ ನೋಡಬಹುದು. ಪಿಚಿಂಗ್ ಕೋಚ್ ಜಾರ್ಜ್ ಬ್ಯಾಂಬರ್ಗರ್ ಪಕ್ಕದಲ್ಲಿದ್ದು ತಿದ್ದುತ್ತಿದ್ದರು. ನಮ್ಮ ಕಡೆ ಹುಡುಗರನ್ನು ಕುಸ್ತಿ ಅಖಾಡಕ್ಕೆ ಇಳಿಸುವ ಮುಂಚೆ ಗರಡಿಯ ಮಣ್ಣಿನಲ್ಲಿ ಹೊರಳಿಸುತ್ತಾರಲ್ಲ, ಹಾಗೆ.

ಡೆನಿಸ್ ಮಾರ್ಟಿನೆಸ್ ಆ ಗರಡಿಯ ಹುಡುಗ. ನಿಕರಾಗುವಾ ದೇಶದಿಂದ ಮೇಜರ್ ಲೀಗ್‌ಗೆ ಬಂದ ಮೊದಲ ಆಟಗಾರ. 1977ರಲ್ಲಿ 42 ಪಂದ್ಯಗಳಲ್ಲಿ ಎಸೆದರೂ ಅವುಗಳಲ್ಲಿ ಆರಂಭಿಸಿದ್ದು 13 ಮಾತ್ರ. ಮುಂದೆ 1998ರವರೆಗೆ ಆಡಿ 245 ಪಂದ್ಯ ಗೆದ್ದ. 1991ರಲ್ಲಿ ಮಾಂಟ್ರಿಯಲ್ ಪರ ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಗೊಡದ ಪರ್ಫೆಕ್ಟ್ ಗೇಮ್ ಎಸೆದ. ಸ್ಕಾಟ್ ಮೆಕ್‌ಗ್ರೆಗರ್ ಕೂಡ ಇದೇ ಹಾದಿಯಲ್ಲಿ ಬಂದವನು. 1983ರ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಿ ಎದುರಾಳಿಗೆ ಒಂದು ರನ್ನನ್ನೂ ಕೊಡದೆ ಓರಿಯೋಲ್ಸ್‌ಗೆ ಕಪ್ ತಂದುಕೊಟ್ಟ. ವೀವರ್ ಈ ಪಾಠವನ್ನು 1984ರ ತಮ್ಮ ಪುಸ್ತಕದಲ್ಲಿ ಬರೆದಿಟ್ಟರು.

ಅದೇ ಕಾಲದಲ್ಲಿ ದೇಶದ ಇನ್ನೊಂದು ತುದಿಯ ಓಕ್‌ಲ್ಯಾಂಡ್‌ನಲ್ಲಿ ಬಿಲ್ಲಿ ಮಾರ್ಟಿನ್ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡುತ್ತಿದ್ದರು. 1980ರಲ್ಲಿ ಅವರ ಸ್ಟಾರ್ಟರ್‌ಗಳು 94 ಪಂದ್ಯಗಳನ್ನು ಆದಿಯಿಂದ ಅಂತ್ಯದವರೆಗೆ ತಾವೇ ಎಸೆದರು, ರಿಕ್ ಲ್ಯಾಂಗ್‌ಫರ್ಡ್ ಒಬ್ಬನೇ 28. ಎರಡು ವರ್ಷ ತಂಡ ಮೇಲೇರಿತು. ಆಮೇಲೆ ಆ ತೋಳುಗಳು ಒಂದೊಂದಾಗಿ ಸೋತವು.

ಇಷ್ಟೆಲ್ಲ ಕಣ್ಣೆದುರಿಗಿದ್ದರೂ ವೀವರ್ ಅವರ ಏಣಿ ಉಳಿಯಲಿಲ್ಲ. ಯಾರೂ ಅದನ್ನು ಬೇಕೆಂದು ಕಿತ್ತೆಸೆದದ್ದಲ್ಲ, ಆಟವೇ ಬದಲಾಯಿತು. 1969ರಲ್ಲಿ ‘ಸೇವ್’ ಎಂಬ ಲೆಕ್ಕ ಅಧಿಕೃತವಾಗಿ ಸೇರಿತು: ಗೆಲುವನ್ನು ಕೊನೆಯಲ್ಲಿ ಕಾಯ್ದವನ ಹೆಸರಿಗೆ ಒಂದು ಅಂಕ. ಶಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ರೂಪಿಸಿದ ಲೆಕ್ಕ ಅದು. ಲೆಕ್ಕ ಬಂದ ಮೇಲೆ ಅದಕ್ಕೆ ಬೆಲೆ ಬಂತು, ಬೆಲೆ ಬಂದ ಮೇಲೆ ಅದಕ್ಕೇ ಮೀಸಲಾದ ಆಳು ಬೇಕಾಯಿತು. 1983ರ ಜುಲೈ 4ರಂದು ಬಾಸ್ಟನ್‌ಗೆ ಒಂದು ಹಿಟ್ಟನ್ನೂ ಕೊಡದೆ ಗೆದ್ದ ಯಾಂಕೀಸ್‌ನ ಎಡಗೈ ಸ್ಟಾರ್ಟರ್ ಡೇವ್ ರಿಗೆಟಿಯನ್ನು ಮರುವರ್ಷವೇ ಬುಲ್‌ಪೆನ್‌ಗೆ ಕಳಿಸಿದರು. ಕ್ಲೋಸರ್ ಗೂಸ್ ಗಾಸೇಜ್ ತಂಡ ಬಿಟ್ಟು ಹೋಗಿದ್ದೇ ಕಾರಣ. ರಿಗೆಟಿ 1986ರಲ್ಲಿ 46 ಸೇವ್ ಮಾಡಿ ಆಗಿನ ದಾಖಲೆ ಬರೆದ. ಇಪ್ಪತ್ತೈದರ ಆ ತೋಳು ಸ್ಟಾರ್ಟರ್ ಆಗಿ ಎಲ್ಲಿಗೆ ಮುಟ್ಟುತ್ತಿತ್ತು ಎಂಬುದು ಅಲ್ಲಿಗೇ ಮುಚ್ಚಿಹೋಯಿತು. ಬುಲ್‌ಪೆನ್ ಕಲಿಯುವ ಜಾಗವಾಗಿದ್ದದ್ದು ಎಲ್ಲಕ್ಕಿಂತ ಒತ್ತಡದ ಜಾಗವಾಯಿತು. ಏಳನೆಯ ಇನಿಂಗ್ಸ್‌ಗೊಬ್ಬ, ಎಂಟಕ್ಕೊಬ್ಬ, ಒಂಬತ್ತಕ್ಕೊಬ್ಬ. ಸೋಲುವ ಪಂದ್ಯದಲ್ಲಿ ನಾಲ್ಕು ಇನಿಂಗ್ಸ್ ಎಸೆಯುವ ಕೆಲಸ ಊರೂರು ಸುತ್ತಿದ ಹಳೆಯ ಕೈಗಳ ಪಾಲಾಯಿತು.

ಇದರ ಜೊತೆಗೆ ಭಯವೂ ಬೆಳೆಯಿತು. 1995ರಲ್ಲಿ ನ್ಯೂಯಾರ್ಕ್‌ನ ಇನ್ನೊಂದು ತಂಡ ಮೆಟ್ಸ್ ಮೂವರು ಹುಡುಗರನ್ನು ಮುಂದಿಟ್ಟು ಸಂಭ್ರಮಿಸಿತ್ತು. ಜೇಸನ್ ಇಸ್ರಿಂಗ್‌ಹೌಸನ್, ಬಿಲ್ ಪಲ್ಸಿಫರ್, ಪಾಲ್ ವಿಲ್ಸನ್. ‘ಜನರೇಷನ್ ಕೆ’ ಎಂದು ಹೆಸರಿಟ್ಟರು. ‘ಕೆ’ ಎಂದರೆ ಆ ಆಟದ ಬರಹದಲ್ಲಿ ಸ್ಟ್ರೈಕ್‌ಔಟ್, ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು. ಎರಡು ವರ್ಷ ಕಳೆಯುವುದರೊಳಗೆ ಮೂವರ ತೋಳೂ ಶಸ್ತ್ರಚಿಕಿತ್ಸಕರ ಮೇಜಿಗೆ ಬಂದಿತ್ತು. 1998ರ ಮೇ 6ರಂದು ಶಿಕಾಗೊ ಕಬ್ಸ್‌ನ ಕೆರಿ ವುಡ್, 20ರ ಹುಡುಗ, ತನ್ನ ಐದನೆಯ ಪಂದ್ಯದಲ್ಲೇ ಹ್ಯೂಸ್ಟನ್ ವಿರುದ್ಧ 20 ಸ್ಟ್ರೈಕ್‌ಔಟ್ ಮಾಡಿದ. ಮರುವರ್ಷ ಮೊಣಕೈ ಹರಿದು ಮನೆಯಲ್ಲಿ ಕೂತ. 2003ರಲ್ಲಿ ಅದೇ ತಂಡದ ಮಾರ್ಕ್ ಪ್ರಯರ್ 18 ಗೆದ್ದು 6 ಸೋತ, 211 ಇನಿಂಗ್ಸ್ ಎಸೆದ, ಕಬ್ಸ್ ತಂಡವನ್ನು ವಿಶ್ವ ಸರಣಿಯ ಬಾಗಿಲವರೆಗೆ ಒಯ್ದ. ಬೇರೆಯವರಿಗೆ ಎಸೆಯುವುದು ಹೇಗೆಂದು ತೋರಿಸಲು ಅವನ ಚಲನೆಯನ್ನೇ ಮಾದರಿಯಾಗಿ ಇಡುತ್ತಿದ್ದ ಕಾಲ ಅದು. ಭುಜ ಕೈಕೊಟ್ಟು, 2006ರ ನಂತರ ಅವನಿಗೆ ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಹಾಕಲಾಗಲಿಲ್ಲ. ವಯಸ್ಸು ಇಪ್ಪತ್ತಾರು ತುಂಬಿರಲಿಲ್ಲ.

ಲಾಸ್ ಏಂಜಲೀಸ್‌ನ ವೈದ್ಯ ಫ್ರಾಂಕ್ ಜೋಬ್ 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಬೇರೆಡೆಯ ಸ್ನಾಯುರಜ್ಜು ತೆಗೆದು ಕಟ್ಟಿದ್ದರು. ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ನಿಂತಿತು. ಮೊಣಕೈಯನ್ನು ಹಾಗೆ ಹೊಲಿಯಬಹುದು, ಭುಜವನ್ನು ಅಷ್ಟು ಸುಲಭವಾಗಿ ಹೊಲಿಯಲಾಗದು. ಕಬ್ಸ್ ಹುಡುಗರಿಗೆ ಆದದ್ದನ್ನು ಕಂಡು ಎಲ್ಲ ತಂಡಗಳೂ ಎಣಿಸಲು ಕೂತವು. ಎಸೆತ ಎಣಿಸಿದರು, ಇನಿಂಗ್ಸ್ ಎಣಿಸಿದರು. ಇಪ್ಪತ್ತೈದರ ಒಳಗಿನವನ ಇನಿಂಗ್ಸ್ ಹಿಂದಿನ ವರ್ಷಕ್ಕಿಂತ ಮೂವತ್ತಕ್ಕೂ ಹೆಚ್ಚು ಏರಿದರೆ ಅಪಾಯ ಎಂಬ ಎಚ್ಚರಿಕೆಯನ್ನು ಪತ್ರಕರ್ತ ಟಾಮ್ ವರ್ಡೂಚಿ ಜನಪ್ರಿಯಗೊಳಿಸಿದರು. ಆಮೇಲೆ ಲೆಕ್ಕ ಹಾಕಿ ಪರೀಕ್ಷಿಸಿದವರಿಗೆ ಆ ನಿಯಮಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಆದರೆ ಜೋಬಾ ಚೇಂಬರ್ಲೇನ್ ಬಂದದ್ದು ಎಲ್ಲರೂ ಅದನ್ನು ನಂಬಿದ್ದ ದಿನಗಳಲ್ಲಿ.

ನೆಬ್ರಾಸ್ಕಾದ ಲಿಂಕನ್ ಊರಿನವನು, ವಿನ್ನೆಬೇಗೊ ಆದಿವಾಸಿ ಮೂಲದವನು. ಬಾಲ್ಯದಲ್ಲೇ ಪೋಲಿಯೊ ತಗುಲಿ ಮೋಟಾರು ಗಾಡಿಯಲ್ಲಿ ಓಡಾಡುತ್ತಿದ್ದ ತಂದೆ ಹಾರ್ಲನ್ ಮಗನನ್ನು ಬೆಳೆಸಿದವರು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಟಾರ್ಟರ್ ಆಗಿದ್ದವನನ್ನು ಯಾಂಕೀಸ್ 2006ರ ಆಯ್ಕೆಯಲ್ಲಿ 41ನೆಯವನಾಗಿ ತೆಗೆದುಕೊಂಡಿತು. ಮರುವರ್ಷ ಒಂದೇ ಬೇಸಿಗೆಯಲ್ಲಿ ಕೆಳಗಿನ ಮೂರು ಹಂತಗಳನ್ನು ಸ್ಟಾರ್ಟರ್ ಆಗಿಯೇ ದಾಟಿದ. ಅಷ್ಟರಲ್ಲಿ ಮೇಲಿನ ತಂಡಕ್ಕೆ ಎಂಟನೆಯ ಇನಿಂಗ್ಸ್ ಎಸೆಯುವವರಿಲ್ಲದೆ ಪಂದ್ಯಗಳು ಕೈಬಿಡುತ್ತಿದ್ದವು. ಜುಲೈ ಕೊನೆಯಲ್ಲಿ ಹುಡುಗನಿಗೆ ರಿಲೀವರ್ ಕೆಲಸ ರೂಢಿ ಮಾಡಿಸಿ, ಆಗಸ್ಟ್ 7ರಂದು ಟೊರಾಂಟೊದಲ್ಲಿ ಇಳಿಸಿದರು.

ಗಂಟೆಗೆ 160 ಕಿಲೋಮೀಟರ್ ಸಮೀಪದ ವೇಗ, ಕೊನೆಯ ಕ್ಷಣದಲ್ಲಿ ಕುಸಿಯುವ ಸ್ಲೈಡರ್. ಆ ಎರಡು ತಿಂಗಳಲ್ಲಿ 19 ಪಂದ್ಯ, 24 ಇನಿಂಗ್ಸ್, 34 ಸ್ಟ್ರೈಕ್‌ಔಟ್, ಅವನ ಲೆಕ್ಕಕ್ಕೆ ಬಿದ್ದದ್ದು ಒಂದೇ ರನ್. ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಎಂದು ಹೇಳುವ ಇ.ಆರ್.ಎ. 0.38. ನ್ಯೂಯಾರ್ಕ್ ಹುಚ್ಚೆದ್ದಿತು. ಭವಿಷ್ಯದ ಸ್ಟಾರ್ಟರ್‌ನ ತೋಳು ಸವೆಯಬಾರದೆಂದು ಜನರಲ್ ಮ್ಯಾನೇಜರ್ ಬ್ರಯನ್ ಕ್ಯಾಶ್‌ಮನ್ ಕಟ್ಟುಪಾಡು ಹಾಕಿದ್ದರು: ಸತತ ಎರಡು ದಿನ ಎಸೆಯುವಂತಿಲ್ಲ, ಎಸೆದ ಪ್ರತಿ ಇನಿಂಗ್ಸ್‌ಗೆ ಒಂದು ದಿನ ವಿಶ್ರಾಂತಿ. ‘ಜೋಬಾ ರೂಲ್ಸ್’ ಎಂದು ಹೆಸರಾಗಿ ಆ ಕಟ್ಟುಪಾಡೇ ಟೀ-ಶರ್ಟ್‌ಗಳ ಮೇಲೆ ಅಚ್ಚಾಯಿತು.

ನನ್ನ ಮಟ್ಟಿಗೆ ತಪ್ಪು ಬೇರು ಬಿಟ್ಟದ್ದು ಇಲ್ಲಿ. ಮೇಲ್ನೋಟಕ್ಕೆ ಇದು ವೀವರ್ ಮಾಡಿದ್ದೇ: ಹೊಸಬನಿಗೆ ಮೊದಲು ಬುಲ್‌ಪೆನ್. ಆದರೆ ವೀವರ್ ಹುಡುಗನನ್ನು ಕೂರಿಸಿದ್ದು ಅವನಿಲ್ಲದಿದ್ದರೂ ತಂಡ ನಡೆಯುವ ಕಡೆ. ಅಲ್ಲಿಂದ ಅವನನ್ನು ಎತ್ತಿದರೆ ಯಾರೂ ಕೇಳುವವರಿಲ್ಲ. ಯಾಂಕೀಸ್ ಕೂರಿಸಿದ್ದು ಅವನಿಲ್ಲದೆ ತಂಡ ನಿಲ್ಲದ ಕಡೆ, ಮಹಾನ್ ಕ್ಲೋಸರ್ ಮರಿಯಾನೊ ರಿವೇರಾಗಿಂತ ಒಂದೇ ಮೆಟ್ಟಿಲು ಕೆಳಗೆ. ರಿವೇರಾ ಸ್ವತಃ 1995ರಲ್ಲಿ ಸ್ಟಾರ್ಟರ್ ಆಗಿ ಎಡವಿ, 1996ರಲ್ಲಿ ಎಂಟನೆಯ ಇನಿಂಗ್ಸ್‌ನವನಾಗಿ, ಮರುವರ್ಷ ಕ್ಲೋಸರ್ ಆಗಿ ಬೆಳೆದವರು. ಆ ದಾರಿ ಎಲ್ಲರ ಕಣ್ಣಲ್ಲೂ ಇತ್ತು. ಎಂಟನೆಯ ಇನಿಂಗ್ಸ್‌ನಲ್ಲಿ ಹುಡುಗ ಹೊಳೆದಷ್ಟೂ ಅಲ್ಲಿಂದ ಅವನನ್ನು ಬಿಡಿಸುವುದು ಕಷ್ಟವಾಯಿತು. ಜೊತೆಗೆ ಅಲ್ಲಿ ಬೇಕಾದದ್ದು ಎರಡೇ ಎಸೆತ. ಸ್ಟಾರ್ಟರ್‌ಗೆ ಬೇಕಾದ ಕರ್ವ್‌ಬಾಲ್, ಚೇಂಜಪ್‌ಗಳು ಮೂಲೆಯಲ್ಲಿ ತುಕ್ಕು ಹಿಡಿದವು.

2008 ಬಂತು. ಹೊಸ ಮ್ಯಾನೇಜರ್ ಜೋ ಜಿರಾರ್ಡಿ ಅವನನ್ನು ಬುಲ್‌ಪೆನ್‌ನಲ್ಲೇ ಇಟ್ಟರು. ಏಪ್ರಿಲ್‌ನಲ್ಲಿ ಮಾಲೀಕರ ಮನೆಯ ಹ್ಯಾಂಕ್ ಸ್ಟೈನ್‌ಬ್ರೆನರ್, ಹುಡುಗ ಸ್ಟಾರ್ಟರ್ ಆಗಬೇಕು, ಈಗಲೇ ಆಗಬೇಕು ಎಂದು ಪತ್ರಿಕೆಯ ಮುಂದೆಯೇ ಹಟ ಹಿಡಿದರು. ರೇಡಿಯೊ ಕಾರ್ಯಕ್ರಮಗಳಲ್ಲಿ ಬೆಳಗ್ಗೆ ಸಂಜೆ ಅದೇ ವಾದ. ಜೂನ್ 3ರಂದು ಮೊದಲ ಬಾರಿ ಅವನು ಪಂದ್ಯ ಆರಂಭಿಸಿದ. 62 ಎಸೆತ, ಮೂರನೆಯ ಇನಿಂಗ್ಸ್ ದಾಟಲಿಲ್ಲ. ರಿಲೀವರ್‌ನ ತೋಳನ್ನು ಪಂದ್ಯದ ನಡುವೆಯೇ, ಜನರ ಕಣ್ಣೆದುರೇ ಉದ್ದ ಮಾಡುವ ಕೆಲಸ ನಡೆದಿತ್ತು. ಆದರೂ ಜುಲೈ 25ರ ಬಾಸ್ಟನ್ ಪಂದ್ಯ ನೋಡಿದವರಿಗೆ ಈ ಹುಡುಗ ಏನಾಗಬಲ್ಲ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಫೆನ್ವೆ ಪಾರ್ಕ್‌ನಲ್ಲಿ, ಬಾಸ್ಟನ್ನಿನ ಆಗಿನ ದೊಡ್ಡ ಪಿಚರ್ ಜೋಶ್ ಬೆಕೆಟ್ ವಿರುದ್ಧ, ಏಳು ಇನಿಂಗ್ಸ್ ಒಂದೂ ರನ್ ಕೊಡದೆ ಎಸೆದ. ಯಾಂಕೀಸ್ 1-0ಯಿಂದ ಗೆದ್ದಿತು.

ಅದಾಗಿ ಹತ್ತು ದಿನಕ್ಕೆ, ಆಗಸ್ಟ್ 4ರಂದು, ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ, ಐದನೆಯ ಇನಿಂಗ್ಸ್‌ನಲ್ಲಿ ಅವನು ಭುಜ ಹಿಡಿದುಕೊಂಡು ಹೊರನಡೆದ. ಭುಜದ ಸ್ನಾಯುರಜ್ಜುಗಳು ಊದಿಕೊಂಡಿವೆ ಎಂದರು ವೈದ್ಯರು. ಸೆಪ್ಟೆಂಬರ್‌ನಲ್ಲಿ ಮರಳಿದಾಗ ಮತ್ತೆ ಬುಲ್‌ಪೆನ್. 1995ರಿಂದ ಒಂದು ವರ್ಷವೂ ತಪ್ಪದೆ ಪ್ಲೇಆಫ್ ಆಡಿದ್ದ ಯಾಂಕೀಸ್ ಆ ವರ್ಷ ಹೊರಗುಳಿಯಿತು. ಆರ್ಲಿಂಗ್ಟನ್‌ನ ಆ ಸಂಜೆಯ ನಂತರ ಹಳೆಯ ವೇಗ ಅವನಿಗೆ ಪೂರ್ತಿಯಾಗಿ ಮರಳಲಿಲ್ಲ ಎನ್ನುವವರಿದ್ದಾರೆ. ಭುಜದ ಒಳಗೆ ಏನು ನಡೆದಿತ್ತೋ ಹೊರಗಿನವರು ಹೇಳಲಾಗದು. ಆದರೆ 2009ರಲ್ಲಿ ನಡೆದದ್ದು ಎಲ್ಲರಿಗೂ ಕಾಣುವಂತೆಯೇ ನಡೆಯಿತು, ನನಗೆ ಅತಿಯಾಗಿ ನೋವು ಕೊಡುವ ಭಾಗವೂ ಅದೇ. ಈ ಬಾರಿ ಅವನು ಮೊದಲಿನಿಂದಲೂ ಸ್ಟಾರ್ಟರ್. ಆದರೆ ಇಡೀ ವರ್ಷಕ್ಕೆ ಇಷ್ಟೇ ಇನಿಂಗ್ಸ್ ಎಂದು ಮಿತಿ ಇಟ್ಟಿದ್ದರು. ಆ ಮಿತಿಯೊಳಗೆ ಉಳಿಸಲು ಆಗಸ್ಟ್‌ನಿಂದಾಚೆ ಒಮ್ಮೆ ಹೆಚ್ಚು ದಿನ ಕಾಯಿಸಿದರು, ಇನ್ನೊಮ್ಮೆ ಮೂರು ಇನಿಂಗ್ಸ್ ಮುಗಿಯುತ್ತಲೇ ಚೆಂಡು ಕಸಿದುಕೊಂಡರು. ಸ್ಟಾರ್ಟರ್‌ನ ವಿದ್ಯೆ ಇರುವುದೇ ದಣಿವು ಶುರುವಾದ ಮೇಲೆ, ಐದು ಆರನೆಯ ಇನಿಂಗ್ಸ್‌ನಲ್ಲಿ, ಉಳಿದ ಬಲದಲ್ಲಿ ಬ್ಯಾಟರ್‌ನನ್ನು ಮರುಳು ಮಾಡುವುದರಲ್ಲಿ. ಅದನ್ನು ಕಲಿಯಬೇಕಾದ ವಯಸ್ಸಿನಲ್ಲಿ, ಅದನ್ನು ಕಲಿಸುವ ಇನಿಂಗ್ಸ್‌ಗಳನ್ನೇ ಅವನಿಂದ ದೂರವಿಟ್ಟರು. 31 ಬಾರಿ ಆರಂಭಿಸಿದ, 157 ಇನಿಂಗ್ಸ್ ಎಸೆದ, 9 ಗೆಲುವು, 6 ಸೋಲು, ಇ.ಆರ್.ಎ. 4.75. ಪ್ಲೇಆಫ್ ಬಂದಾಗ ಮತ್ತೆ ಬುಲ್‌ಪೆನ್. ಯಾಂಕೀಸ್ ವಿಶ್ವ ಸರಣಿ ಗೆದ್ದಿತು, ನಾಲ್ಕನೆಯ ಪಂದ್ಯದ ಗೆಲುವು ಅವನ ಹೆಸರಿಗೇ ಬಂತು.

2010ರ ಮಾರ್ಚ್‌ನಲ್ಲಿ ಐದನೆಯ ಸ್ಟಾರ್ಟರ್ ಸ್ಥಾನಕ್ಕೆ ಅವನನ್ನೂ ಫಿಲ್ ಹ್ಯೂಸ್‌ನನ್ನೂ ಸ್ಪರ್ಧೆಗೆ ನಿಲ್ಲಿಸಿ ಹ್ಯೂಸ್‌ಗೆ ಕೊಟ್ಟರು. ಹ್ಯೂಸ್ ಹಿಂದಿನ ವರ್ಷ ಅರ್ಧ ಋತು ಬುಲ್‌ಪೆನ್‌ನಲ್ಲಿ ಕಳೆದಿದ್ದವನು. ಆ ವರ್ಷ 18 ಗೆದ್ದ. ಜೋಬಾ ಆಮೇಲೆ ಏಳು ವರ್ಷ, ನಾಲ್ಕು ತಂಡಗಳಿಗೆ ಎಸೆದರೂ ಒಂದು ಪಂದ್ಯವನ್ನೂ ಆರಂಭಿಸಲಿಲ್ಲ. 2011ರ ಜೂನ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಅದು ಮಾಯುತ್ತಿರುವಾಗಲೇ 2012ರ ಮಾರ್ಚ್‌ನಲ್ಲಿ ಟ್ರ್ಯಾಂಪೊಲಿನ್ ಮೇಲಿಂದ ಬಿದ್ದು ಕಾಲಿನ ಗೆಣ್ಣು ಕಳಚಿತು. ಬದುಕಿನುದ್ದಕ್ಕೂ ಅವನು ಆರಂಭಿಸಿದ ಪಂದ್ಯಗಳು 43.

ಅವನನ್ನು ರಿಲೀವರ್ ಆಗಿಯೇ ಬಿಡಬೇಕಿತ್ತು ಎಂದು ಇಂದಿಗೂ ವಾದಿಸುವವರಿಗೆ 0.38 ಎಂಬ ಒಂದು ಅಂಕಿ ಸಾಕು. ಅದು 24 ಇನಿಂಗ್ಸ್‌ಗಳ ಅಂಕಿ, ಒಬ್ಬ ಸ್ಟಾರ್ಟರ್‌ನ ಒಂದು ತಿಂಗಳ ಕೆಲಸ. ಮೊದಲಿನಿಂದ ಸ್ಟಾರ್ಟರ್ ಆಗಿಯೇ ಇಟ್ಟಿದ್ದರೆ ಎನ್ನುವವರಿಗೆ ಪ್ರಯರ್‌ನ ಭುಜವನ್ನು ತೋರಿಸಬಹುದು. ನನಗೆ ಅನ್ನಿಸುವುದು ಇಷ್ಟು: ಎರಡರಲ್ಲಿ ಯಾವ ಕೆಲಸ ಕೊಟ್ಟಿದ್ದರೂ ಅವನು ಬೆಳೆಯುತ್ತಿದ್ದ. ನೆಟ್ಟ ಸಸಿಯನ್ನು ಮೂರು ವರ್ಷದಲ್ಲಿ ಐದಾರು ಸಲ ಕಿತ್ತು ನೆಟ್ಟದ್ದನ್ನು ಯಾವ ಬೇರು ತಾಳೀತು?

ಬುಲ್‌ಪೆನ್‌ನಿಂದ ಹೊರಟು ದೊಡ್ಡ ಸ್ಟಾರ್ಟರ್ ಆದವರು ಅದೇ ಕಾಲದಲ್ಲಿ ಕಡಿಮೆಯಿರಲಿಲ್ಲ. ಪೆಡ್ರೊ ಮಾರ್ಟಿನೆಸ್‌ನದು ಸಣ್ಣ ಮೈಕಟ್ಟು, ಸ್ಟಾರ್ಟರ್‌ನ ಭಾರ ತಾಳದು ಎಂದು ಲಾಸ್ ಏಂಜಲೀಸ್ ಡಾಜರ್ಸ್ ತಂಡ ತೀರ್ಮಾನಿಸಿತ್ತು. ವೈದ್ಯ ಜೋಬ್ ಅವರಿಗೂ ಅದೇ ಸಂಶಯ. 1993ರಲ್ಲಿ 65 ಪಂದ್ಯಗಳಲ್ಲಿ ಎರಡನ್ನಷ್ಟೇ ಆರಂಭಿಸಗೊಟ್ಟು, ವರ್ಷದ ಕೊನೆಗೆ ಮಾಂಟ್ರಿಯಲ್‌ಗೆ ವಿನಿಮಯದಲ್ಲಿ ಕೊಟ್ಟುಬಿಟ್ಟಿತು. ಮಾಂಟ್ರಿಯಲ್ ಚೆಂಡು ಕೊಟ್ಟು ಹಿಂದೆ ಸರಿದು ನಿಂತಿತು. ಪೆಡ್ರೊ ಮೂರು ಬಾರಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಯೊಹಾನ್ ಸಂತಾನಾನ ಕಥೆ ವೀವರ್ ಅವರ ಗರಡಿಗೆ ಇನ್ನೂ ಹತ್ತಿರ. ವೆನೆಜುವೆಲಾದ ಈ ಎಡಗೈ ಹುಡುಗ ಮಿನೆಸೋಟ ಟ್ವಿನ್ಸ್ ಸೇರಿದ ನಿಯಮದ ಪ್ರಕಾರ 2000ದ ಇಡೀ ವರ್ಷ ಅವನನ್ನು ಕೆಳಗಿನ ತಂಡಕ್ಕೆ ಕಳಿಸುವಂತಿರಲಿಲ್ಲ. ಬುಲ್‌ಪೆನ್‌ನಲ್ಲಿ ಕೂತು ಸೋಲುವ ಪಂದ್ಯಗಳಲ್ಲಿ ಎಸೆದ. ಇ.ಆರ್.ಎ. 6.49. ಯಾರೂ ಬೈಯಲಿಲ್ಲ, ಯಾರೂ ಕೊಂಡಾಡಲಿಲ್ಲ. 2002ರಲ್ಲಿ ಕೆನಡಾದ ಎಡ್ಮಂಟನ್‌ನ ಕೆಳಹಂತದ ತಂಡಕ್ಕೆ ಕಳಿಸಿದಾಗ ಅಲ್ಲಿನ ಕೋಚ್ ಬಾಬಿ ಕ್ವೆಯರ್, ವೇಗದ ಎಸೆತದಂತೆಯೇ ಹೊರಟು ನಿಧಾನವಾಗಿ ಬರುವ ಚೇಂಜಪ್ಪನ್ನು ಬಿಡದೆ ಹಾಕಿಸಿದರು. ಅದು ಕೈಹತ್ತಿತು. 2003ರ ಜುಲೈವರೆಗೂ ಕಾದು ಸ್ಟಾರ್ಟರ್ ಆದ. 2004ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಸೈ ಯಂಗ್ ಗೆದ್ದ. 2012ರ ಜೂನ್ 1ರಂದು, ಭುಜದ ಶಸ್ತ್ರಚಿಕಿತ್ಸೆಯಿಂದ ಮರಳಿದ ವರ್ಷ, ಅಷ್ಟರಲ್ಲಿ ಸೇರಿದ್ದ ಮೆಟ್ಸ್ ಪರ 134 ಎಸೆತ ಹಾಕಿ, ಎದುರಾಳಿಗೆ ಒಂದು ಹಿಟ್ಟನ್ನೂ ಕೊಡದೆ, ಆ ತಂಡದ ಇತಿಹಾಸದ ಮೊದಲ ನೋ-ಹಿಟರ್ ಕೊಟ್ಟ. ಹೊರಗೆ ಕರೆಯಲೋ ಬಿಡಲೋ ಎಂದು ಮ್ಯಾನೇಜರ್ ಟೆರಿ ಕಾಲಿನ್ಸ್ ಡಗ್‌ಔಟ್‌ನಲ್ಲಿ ಕುದಿಯುತ್ತಿದ್ದರು. ಆಗಸ್ಟ್ ನಂತರ ಸಂತಾನಾ ಮೇಜರ್ ಲೀಗ್‌ನಲ್ಲಿ ಮತ್ತೆ ಎಸೆಯಲಿಲ್ಲ.

ಸೇಂಟ್ ಲೂಯಿಸ್‌ನ ಆಡಮ್ ವೇನ್‌ರೈಟ್ ಬಂದ ದಾರಿ ಮೆಟ್ಸ್ ಹುಡುಗರ ಕಥೆಗೇ ತಾಗುತ್ತದೆ. ಜನರೇಷನ್ ಕೆ ಮೂವರಲ್ಲಿ ಇಸ್ರಿಂಗ್‌ಹೌಸನ್ ಮಾತ್ರ ಕ್ಲೋಸರ್ ಆಗಿ ಮರುಹುಟ್ಟು ಪಡೆದಿದ್ದ, ಒಟ್ಟು 300 ಸೇವ್ ಮಾಡಿದ. 2006ರ ಸೆಪ್ಟೆಂಬರ್‌ನಲ್ಲಿ, ಸೇಂಟ್ ಲೂಯಿಸ್‌ನ ಕ್ಲೋಸರ್ ಆಗಿದ್ದ ಅವನು ಸೊಂಟದ ನೋವಿನಿಂದ ಕೂತಾಗ, ಆ ವರ್ಷ ಬುಲ್‌ಪೆನ್‌ನಲ್ಲಿ ಕಲಿಯುತ್ತಿದ್ದ ವೇನ್‌ರೈಟ್ ಕೈಗೆ ಒಂಬತ್ತನೆಯ ಇನಿಂಗ್ಸ್ ಬಂತು. ಅಕ್ಟೋಬರ್ 19ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ, ಮೂರೂ ಬೇಸ್ ತುಂಬಿರುವಾಗ, ಮೆಟ್ಸ್‌ನ ಕಾರ್ಲೋಸ್ ಬೆಲ್ಟ್ರಾನ್ ಬ್ಯಾಟು ಅಲುಗಿಸಲೂ ಆಗದಂತೆ ಕರ್ವ್‌ಬಾಲ್ ಎಸೆದು ತಂಡವನ್ನು ವಿಶ್ವ ಸರಣಿಗೆ ಒಯ್ದ. ವಾರದ ಬಳಿಕ ವಿಶ್ವ ಸರಣಿಯ ಕೊನೆಯ ಎಸೆತವೂ ಅವನದೇ. ಜೋಬಾನನ್ನು ಕಟ್ಟಿಹಾಕಿದಂಥ ಕೀರ್ತಿ ಇವನಿಗೂ ಬಂದಿತ್ತು, ಇನ್ನೂ ದೊಡ್ಡದಾಗಿಯೇ. ಆದರೆ ಸೇಂಟ್ ಲೂಯಿಸ್ ಮರುವರ್ಷ ಅವನನ್ನು ಸ್ಟಾರ್ಟರ್ ಎಂದು ಸಾರಿತು, ಆ ಮಾತಿನಿಂದ ಮತ್ತೆ ಕದಲಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವೇನ್‌ರೈಟ್ 200ನೆಯ ಗೆಲುವು ಪಡೆದು ನಿವೃತ್ತನಾದ.

ಎಣಿಕೆಯ ಭಯ ಯಾಂಕೀಸ್‌ಗಷ್ಟೇ ಇರಲಿಲ್ಲ. ವಾಷಿಂಗ್ಟನ್ ನ್ಯಾಷನಲ್ಸ್ 2012ರಲ್ಲಿ, ಟಾಮಿ ಜಾನ್ ಶಸ್ತ್ರಚಿಕಿತ್ಸೆಯಿಂದ ಎದ್ದುಬಂದ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು 159 ಇನಿಂಗ್ಸ್‌ಗೆ ನಿಲ್ಲಿಸಿ ಪ್ಲೇಆಫ್‌ಗೂ ಇಳಿಸಲಿಲ್ಲ. ತಂಡ 6-0 ಮುಂದಿದ್ದ ಕೊನೆಯ ಪಂದ್ಯವನ್ನು ಸೋತು ಹೊರಬಿತ್ತು. ಏಳು ವರ್ಷದ ಮೇಲೆ, 2019ರಲ್ಲಿ, ಅದೇ ಸ್ಟ್ರಾಸ್‌ಬರ್ಗ್ ವಿಶ್ವ ಸರಣಿಯ ಶ್ರೇಷ್ಠ ಆಟಗಾರನಾದ. ಆಮೇಲೆ ಎಂಟು ಪಂದ್ಯ ಆರಂಭಿಸುವಷ್ಟರಲ್ಲಿ ಮೈ ಸೋತಿತು. ಕಾಪಾಡಿದ್ದು ಫಲಿಸಿತೇ ಎಂದು ಕೇಳಿದರೆ 2019ನ್ನು ತೋರಿಸುವವರಿದ್ದಾರೆ. ನನಗೆ 2012ರ ಆ ಶರತ್ಕಾಲವೂ ಕಾಣುತ್ತದೆ.

ಈಗೀಗ ಎರಡು ಕೆಲಸಗಳ ನಡುವಿನ ಗೆರೆಯೇ ಅಳಿಸುತ್ತಿದೆ. 2018ರ ಮೇ 19ರಂದು ಟ್ಯಾಂಪಾ ಬೇ ರೇಸ್ ತಂಡ ಹಳೆಯ ರಿಲೀವರ್ ಸೆರ್ಜಿಯೊ ರೋಮೊಗೆ ಮೊದಲ ಇನಿಂಗ್ಸ್ ಕೊಟ್ಟು, ಹೊಸ ಹುಡುಗ ರಯಾನ್ ಯಾರ್ಬ್ರೊನನ್ನು ಎರಡನೆಯದರಿಂದ ಇಳಿಸಿತು. ಅದಕ್ಕೆ ‘ಓಪನರ್’ ಎಂದು ಹೆಸರಾಯಿತು. ಎದುರಾಳಿಯ ದೊಡ್ಡ ಬ್ಯಾಟರ್‌ಗಳನ್ನು ಹುಡುಗ ಮೂರನೆಯ ಬಾರಿ ಎದುರಿಸುವುದನ್ನು ತಪ್ಪಿಸುವ ಉಪಾಯ. ವೀವರ್ ಅವರ ಉದ್ದದ ರಿಲೀವರ್ ಬೇರೆ ಬಾಗಿಲಿನಿಂದ ಮರಳಿ ಬಂದಂತಿತ್ತು.

2020ರ ವಿಶ್ವ ಸರಣಿ, ಕೋವಿಡ್ ಕಾರಣದಿಂದ, ಪೂರ್ತಿಯಾಗಿ ಆರ್ಲಿಂಗ್ಟನ್‌ನಲ್ಲೇ ನಡೆಯಿತು. ಜೋಬಾ ಭುಜ ಹಿಡಿದು ನಡೆದ ಹಳೆಯ ಮೈದಾನದ ಪಕ್ಕದಲ್ಲೇ ಕಟ್ಟಿದ ಹೊಸ ಮೈದಾನ. ಅಕ್ಟೋಬರ್ 27ರ ಆರನೆಯ ಪಂದ್ಯದಲ್ಲಿ ಟ್ಯಾಂಪಾದ ಬ್ಲೇಕ್ ಸ್ನೆಲ್ ಐದಕ್ಕೂ ಹೆಚ್ಚು ಇನಿಂಗ್ಸ್‌ನಲ್ಲಿ ಎರಡೇ ಹಿಟ್ ಕೊಟ್ಟು ಒಂಬತ್ತು ಸ್ಟ್ರೈಕ್‌ಔಟ್ ಮಾಡಿದ್ದ. ಎಸೆತ 73. ಡಾಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳು ಎರಡೆರಡು ಬಾರಿ ಬಂದು ಆರೂ ಬಾರಿ ಸ್ಟ್ರೈಕ್‌ಔಟ್ ಆಗಿದ್ದರು. ಅವರು ಮೂರನೆಯ ಬಾರಿ ಬರುತ್ತಾರೆಂದು ಮ್ಯಾನೇಜರ್ ಕೆವಿನ್ ಕ್ಯಾಶ್ ನಡೆದು ಬಂದು ಸ್ನೆಲ್ ಕೈಯಿಂದ ಚೆಂಡು ತೆಗೆದುಕೊಂಡರು. ಒಳಗೆ ಬಂದ ರಿಲೀವರ್‌ಗೆ ಮೂಕೀ ಬೆಟ್ಸ್ ಡಬಲ್ ಹೊಡೆದ. ಅಲ್ಲಿಂದ ಪಂದ್ಯ ತಿರುಗಿತು.

2-1ರ ಮುನ್ನಡೆ ಕಾಯಲು ಡಾಜರ್ಸ್ ಇಳಿಸಿದ್ದು ತಮ್ಮ ಸ್ಟಾರ್ಟರ್ ಹುಲಿಯೊ ಉರಿಯಾಸ್‌ನನ್ನು. ಹತ್ತೊಂಬತ್ತರಲ್ಲಿ ಮೇಜರ್ ಲೀಗ್‌ಗೆ ಬಂದು, 2017ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2019ರ ಬಹುಪಾಲು ಬುಲ್‌ಪೆನ್‌ನಲ್ಲಿ ಕಳೆದು, ನಿಧಾನವಾಗಿ ಸ್ಟಾರ್ಟರ್ ಜಾಗಕ್ಕೆ ಏರಿದವನು. ಏಳು ಬ್ಯಾಟರ್‌ಗಳು ಬಂದರು, ಏಳು ಮಂದಿಯೂ ಔಟಾದರು. ಕೊನೆಯವನು ಬ್ಯಾಟು ಬೀಸದೆಯೇ ಸ್ಟ್ರೈಕ್‌ಔಟ್ ಆದಾಗ ಡಗ್‌ಔಟ್‌ನಿಂದ ಎಲ್ಲರೂ ಮೈದಾನಕ್ಕೆ ಓಡಿದರು. ಅವರಲ್ಲಿ ಡಾಜರ್ಸ್‌ನ ಪಿಚಿಂಗ್ ಕೋಚ್ ಕೂಡ ಇದ್ದರು, ಆ ಕೆಲಸದಲ್ಲಿ ಅದು ಅವರ ಮೊದಲ ವರ್ಷ. ಹೆಸರು ಮಾರ್ಕ್ ಪ್ರಯರ್.